ಮನೆಯ ಕ್ಲಸ್ಟರ್‌ನ ಸರ್ವಿಸ್ ಹೊರಗಿನವರಿಗೆ ಸಿಗಬೇಕೆ? ಟನಲ್, ವಿಪಿಎಸ್, ಪೋರ್ಟ್ ಫಾರ್ವರ್ಡಿಂಗ್: ಒಂದು ಹೋಲಿಕೆ

ಹಳೆಯ ಮಿನಿ ಪಿಸಿಯೊಂದರಲ್ಲಿ ಕೆ3ಎಸ್ (ಕಂಟೇನರುಗಳನ್ನು ಓಡಿಸುವ ಕ್ಯೂಬರ್ನೆಟೀಸ್‌ನ ಹಗುರ ಆವೃತ್ತಿ) ಹಾಕಿ ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಫೋಟೊಗಳಿಗೆ ಇಮಿಚ್, ನಿಗಾ ಇಡಲು ಗ್ರಫಾನಾ, ಜೊತೆಗೊಂದು ಬ್ಲಾಗ್ ಓಡಿಸಲು ಒಂದು ಭಾನುವಾರ ಸಾಕು. ಅದೇ ಸರ್ವಿಸ್ ಆಫೀಸಿನಿಂದಲೋ ಊರಿನಿಂದಲೋ ತೆರೆಯಬೇಕು ಅಂದ ಕೂಡಲೇ ಹತ್ತು ದಾರಿಗಳು ಎದುರಾಗುತ್ತವೆ, ಪ್ರತಿಯೊಂದಕ್ಕೂ ಅದರದೇ ಭಕ್ತಮಂಡಳಿ. ಯಾವುದು ಹೆಚ್ಚು ಸುರಕ್ಷಿತ ಎಂದು ಸುಮ್ಮನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಂಡರೆ ಸಿಗುತ್ತದೆ: ಇದನ್ನು ಬಳಸುವವರು ಯಾರು? ಟಿಎಲ್‌ಎಸ್, ಅಂದರೆ ಎಚ್‌ಟಿಟಿಪಿಎಸ್‌ನ ಗೂಢಲಿಪಿ, ಯಾರ ಯಂತ್ರದಲ್ಲಿ ಬಿಚ್ಚಿಕೊಳ್ಳುತ್ತದೆ?

ಬಳಸುವವರು ಮನೆಯವರು ಮತ್ತು ನಾಲ್ಕು ಗೆಳೆಯರಷ್ಟೇ ಆಗಿದ್ದರೆ ಆ ಸರ್ವಿಸನ್ನು ಇಂಟರ್ನೆಟ್ಟಿಗೆ ತೆರೆಯುವ ಅಗತ್ಯವೇ ಇಲ್ಲ. ಖಾಸಗಿ ಜಾಲವೊಂದನ್ನು ಹೆಣೆದು ಅವರ ಫೋನುಗಳನ್ನು ಅದರೊಳಗೆ ತಂದರಾಯಿತು. ಬ್ಲಾಗಿನಂತೆ ಗುರುತಿಲ್ಲದ ಯಾರು ಬೇಕಾದರೂ ನೋಡಬೇಕಾದ್ದಕ್ಕೆ ಮಾತ್ರ ಉಳಿದ ದಾರಿಗಳು. ಎರಡನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಟಿಎಲ್‌ಎಸ್ ಬಿಚ್ಚಿಕೊಳ್ಳುವ ಜಾಗದಲ್ಲಿ ಪಾಸ್‌ವರ್ಡ್, ಕುಕಿ, ಫೋಟೊ ಎಲ್ಲವೂ ಬಯಲಾಗಿರುತ್ತವೆ. ಆ ಜಾಗ ನಿಮ್ಮ ಪಾಡ್ (ಕ್ಲಸ್ಟರ್‌ನಲ್ಲಿ ಆಪ್ ಓಡುವ ಘಟಕ) ಆಗಿರಬೇಕೋ ಬೇರೆ ಕಂಪನಿಯ ಸರ್ವರ್ ಆದರೂ ನಡೆಯುತ್ತದೋ ಎಂಬುದನ್ನು ಸರ್ವಿಸ್ ಒಂದೊಂದಕ್ಕೂ ಬೇರೆಯಾಗಿಯೇ ತೀರ್ಮಾನಿಸಬೇಕು.

ಯಾವ ದಾರಿ ಹಿಡಿದರೂ ಒಂದನ್ನು ಮಾತ್ರ ಇಂಟರ್ನೆಟ್ಟಿಗೆ ತೆರೆದಿಡುವ ಹಾಗಿಲ್ಲ: 6443ನೇ ಪೋರ್ಟಿನಲ್ಲಿ ಕೂತು ಇಡೀ ಕ್ಲಸ್ಟರನ್ನು ನಿಯಂತ್ರಿಸುವ ಕ್ಯೂಬರ್ನೆಟೀಸ್ ಎಪಿಐ ಸರ್ವರ್. 2022ರ ಮೇ ತಿಂಗಳಲ್ಲಿ ಶ್ಯಾಡೋಸರ್ವರ್ ಫೌಂಡೇಶನ್ ಇಂಟರ್ನೆಟ್ಟನ್ನು ಜಾಲಾಡಿದಾಗ ಇಂಥ 3.8 ಲಕ್ಷಕ್ಕೂ ಹೆಚ್ಚು ಎಪಿಐ ಸರ್ವರ್‌ಗಳು ಹೊರಗಿನ ಕರೆಗೆ ಓಗೊಡುತ್ತಿದ್ದವು. 2018ರಲ್ಲಿ ಟೆಸ್ಲಾ ಕಂಪನಿಯ ಕ್ಲೌಡಿಗೆ ನುಗ್ಗಿದವರು ಪಾಸ್‌ವರ್ಡೇ ಇಲ್ಲದ ಕ್ಯೂಬರ್ನೆಟೀಸ್ ಡ್ಯಾಶ್‌ಬೋರ್ಡ್ ಮೂಲಕ ಬಂದು ಕ್ರಿಪ್ಟೊ ಗಣಿಗಾರಿಕೆ ಶುರುಮಾಡಿದ್ದರು. ಕ್ಲಸ್ಟರಿಗೆ ಆದೇಶ ಕೊಡುವ ಕ್ಯೂಬ್‌ಸಿಟಿಎಲ್ ಹೊರಗಿನಿಂದ ಬೇಕೆಂದರೆ ಅದು ವಿಪಿಎನ್ ಒಳಗಿನಿಂದ ಮಾತ್ರ.

ಮೊದಲು ಲೈನ್ ಎಂಥದ್ದು ನೋಡಿ

ರೂಟರ್ ಪುಟದಲ್ಲಿ ವ್ಯಾನ್ (ಹೊರಗಿನ ಜಾಲದ) ವಿಳಾಸ ಎಷ್ಟಿದೆ ಎಂದು ಬರೆದುಕೊಳ್ಳಿ. ನಂತರ ಬ್ರೌಸರಿನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸಾರ್ವಜನಿಕ ಐಪಿವಿ4 ಇದೆ. ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ಹಲವು ಮನೆಗಳಿಗೆ ಹಂಚಿದೆ. 100.64.0.0/10 ಎಂಬ ಈ ಪಟ್ಟಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಇಂಥ ಲೈನಿನಲ್ಲಿ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಏನೇ ಬರೆದರೂ ಹೊರಗಿನ ಪ್ಯಾಕೆಟ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ನಮ್ಮಲ್ಲಿ ಮನೆಬಳಕೆಯ ಫೈಬರ್ ಲೈನುಗಳಲ್ಲಿ ಇದೇ ಸಾಮಾನ್ಯ ಸ್ಥಿತಿ. ಸ್ಟ್ಯಾಟಿಕ್ ಐಪಿ ಬೇಕೆಂದರೆ ಬೇರೆ ದುಡ್ಡು.

ವ್ಯಾನ್ ವಿಳಾಸ 192.168ರಿಂದಲೋ 10ರಿಂದಲೋ ಶುರುವಾಗಿದ್ದರೆ ಇನ್ನೊಂದು ಸಾಧ್ಯತೆ ಇದೆ. ಐಎಸ್‌ಪಿ ಕೊಟ್ಟ ಓಎನ್‌ಟಿ (ಫೈಬರ್ ಮೋಡೆಮ್) ಡಬ್ಬಿಯೇ ರೂಟರ್ ಆಗಿ, ಅದರ ಹಿಂದೆ ನಿಮ್ಮ ರೂಟರ್ ಕೂತಿರಬಹುದು. ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಸ್ಥಿತಿಗೆ) ಹಾಕಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಕ್ಲಸ್ಟರ್ ಒಳಗೆ ಎಲ್ಲರೂ ಎಡವುವ ಜಾಗ

ಕ್ಯೂಬರ್ನೆಟೀಸ್‌ನ ನೋಡ್‌ಪೋರ್ಟ್ (ನೋಡ್, ಅಂದರೆ ಕ್ಲಸ್ಟರ್‌ನ ಯಂತ್ರದ, ಒಂದು ಪೋರ್ಟ್), ಲೋಡ್‌ಬ್ಯಾಲೆನ್ಸರ್ (ಸರ್ವಿಸ್‌ಗೊಂದು ವಿಳಾಸ), ಇಂಗ್ರೆಸ್ (ತಾಣದ ಹೆಸರು ನೋಡಿ ಸರ್ವಿಸ್‌ಗೆ ಕಳಿಸುವ ನಿಯಮ) ಇವು ಇಂಟರ್ನೆಟ್ಟಿಗೆ ಹೋಗುವ ದಾರಿಗಳಲ್ಲ. ಪಾಡ್‌ನಿಂದ ಮನೆಯ ಲ್ಯಾನ್‌ವರೆಗಿನ ದಾರಿಗಳು. ಲೋಡ್‌ಬ್ಯಾಲೆನ್ಸರಿಗೆ ವಿಳಾಸ ಕೊಡುವ ಮೆಟಲ್‌ಎಲ್‌ಬಿ ಹಾಕಿದರೆ ಸಿಗುವುದು ಲ್ಯಾನ್ ವಿಳಾಸವೇ. ಮಿನಿಕ್ಯೂಬ್ ಟನಲ್ ಹೆಸರಿಗೆ ಟನಲ್, ತೆರೆಯುವುದು ಮಿನಿಕ್ಯೂಬ್ ಓಡುತ್ತಿರುವ ಲ್ಯಾಪ್‌ಟಾಪಿಗಷ್ಟೇ. ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್ ಕೂಡ ಡೀಬಗ್ ಮಾಡುವುದಕ್ಕಷ್ಟೇ. ಪಾಡ್ ಸತ್ತರೆ ಅದೂ ಸಾಯುತ್ತದೆ.

ನೋಡ್‌ಪೋರ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. 30000ದಿಂದ 32767ರವರೆಗಿನ ಈ ಪೋರ್ಟುಗಳನ್ನು ಲಿನಕ್ಸ್‌ನ ಫೈರ್‌ವಾಲ್ ಯುಎಫ್‌ಡಬ್ಲ್ಯು ಮುಚ್ಚಿದೆ ಎಂದು ಅನೇಕರು ನಂಬಿರುತ್ತಾರೆ. ಆದರೆ ಕ್ಲಸ್ಟರ್‌ನ ಕ್ಯೂಬ್-ಪ್ರಾಕ್ಸಿ ಪ್ಯಾಕೆಟ್ಟಿನ ಗುರಿಯನ್ನು ಪ್ರಿರೂಟಿಂಗ್ (ಪ್ಯಾಕೆಟ್ ಬಂದ ಕೂಡಲೇ ಇರುವ) ಹಂತದಲ್ಲೇ ಬದಲಿಸಿಬಿಡುವುದರಿಂದ ಅದು ಇನ್‌ಪುಟ್ ನಿಯಮಗಳನ್ನು ಮುಟ್ಟದೆ ಫಾರ್ವರ್ಡ್ ಕಡೆಗೆ ಹೋಗುತ್ತದೆ. ಯುಎಫ್‌ಡಬ್ಲ್ಯುನಲ್ಲಿ "ಡಿನೈ" ಎಂದೇ ಇರುತ್ತದೆ, ಪೋರ್ಟ್ ತೆರೆದೇ ಇರುತ್ತದೆ. ಆದ್ದರಿಂದ ನೋಡನ್ನು ನೇರವಾಗಿ ಸಾರ್ವಜನಿಕ ವಿಳಾಸದಲ್ಲಿ ನಿಲ್ಲಿಸಬೇಡಿ, ಅದರ ಮುಂದೆ ರೂಟರಿನ ಅಥವಾ ಕ್ಲೌಡಿನ ಬೇರೆ ಫೈರ್‌ವಾಲ್ ಇರಲಿ.

ಇಂಗ್ರೆಸ್ ನಿಯಮಗಳನ್ನು ಜಾರಿಮಾಡುವ ಇಂಗ್ರೆಸ್ ಕಂಟ್ರೋಲರ್ ಯಾವುದು? ಕೆ3ಎಸ್ ಜೊತೆ ಟ್ರೇಫಿಕ್ (Traefik) ಎಂಬ ಕಂಟ್ರೋಲರ್ ಬರುತ್ತದೆ, ಅದನ್ನೇ ಇಟ್ಟುಕೊಳ್ಳಿ. ಹಳೆಯ ಮಾರ್ಗದರ್ಶಿಗಳೆಲ್ಲ ಇಂಗ್ರೆಸ್-ಎಂಜಿನ್‌ಎಕ್ಸ್ ಹಾಕಲು ಹೇಳುತ್ತವೆ. 2025ರ ಮಾರ್ಚ್‌ನಲ್ಲಿ ಅದರಲ್ಲಿ ಸಿಕ್ಕ ದೋಷದ ತೀವ್ರತೆಯ ಅಂಕ ಹತ್ತಕ್ಕೆ 9.8: ಪಾಡ್ ಜಾಲದೊಳಗೆ ಕಾಲಿಟ್ಟ ಯಾರಾದರೂ ಯಾವ ಲಾಗಿನ್ನೂ ಇಲ್ಲದೆ ಕಂಟ್ರೋಲರ್ ಒಳಗೆ ತಮ್ಮ ಕೋಡ್ ಓಡಿಸಿ, ಇಡೀ ಕ್ಲಸ್ಟರ್‌ನ ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್, ಟೋಕನ್‌ಗಳನ್ನು) ಓದಬಹುದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕ್ಯೂಬರ್ನೆಟೀಸ್ ತಂಡವೇ ಆ ಯೋಜನೆಗೆ ನಿವೃತ್ತಿ ಘೋಷಿಸಿತು, ನಿರ್ವಹಣೆಯ ಗಡುವು 2026ರ ಮಾರ್ಚ್. ಹೊಸ ಕ್ಲಸ್ಟರಿಗೆ ಅದು ಬೇಡ.

ಟೇಲ್‌ಸ್ಕೇಲ್: ತೆರೆಯದೆಯೇ ತಲುಪಿಸುವುದು

ಕುಟುಂಬದ ಫೋಟೊ, ಕಡತ, ಹೋಮ್ ಅಸಿಸ್ಟೆಂಟ್, ಗ್ರಫಾನಾ ಇವಕ್ಕೆಲ್ಲ ನಮ್ಮ ಮೊದಲ ಶಿಫಾರಸು ಈ ಖಾಸಗಿ ಜಾಲವೇ. ಒಳಗಿರುವುದು ವೈರ್‌ಗಾರ್ಡ್ ಎಂಬ ವಿಪಿಎನ್, ಸಾಧನಗಳು ಪರಸ್ಪರ ನೇರವಾಗಿ ಮಾತಾಡಲು ನೋಡುತ್ತವೆ, ಆಗದಿದ್ದರೆ ರಿಲೇ ಮೂಲಕ ಹೋಗುತ್ತವೆ, ಆಗಲೂ ಗೂಢಲಿಪಿ ಎರಡು ತುದಿಗಳಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ಸಿಜಿನ್ಯಾಟ್ ಇದಕ್ಕೆ ತಡೆಯಲ್ಲ.

ಕ್ಲಸ್ಟರ್‌ನಲ್ಲಿ ಇದನ್ನು ಸೇರಿಸಲು ಎರಡು ರೀತಿ ಇದೆ. ನೋಡ್‌ನಲ್ಲಿ ಟೇಲ್‌ಸ್ಕೇಲ್ ಹಾಕಿ 10.43.0.0/16 ಎಂಬ ಕೆ3ಎಸ್‌ನ ಇಡೀ ಸರ್ವಿಸ್ ಜಾಲವನ್ನು ಸಬ್‌ನೆಟ್ ರೂಟ್ ಆಗಿ ಪ್ರಕಟಿಸುವುದು ಸುಲಭ. ಆದರೆ ಡೇಟಾಬೇಸ್, ರೆಡಿಸ್ ಸಮೇತ ಎಲ್ಲ ಸರ್ವಿಸ್‌ಗಳೂ ಎಲ್ಲ ಫೋನುಗಳಿಗೂ ಸಿಗುತ್ತವೆ. ಇದಕ್ಕಿಂತ ಟೇಲ್‌ಸ್ಕೇಲ್‌ನ ಕ್ಯೂಬರ್ನೆಟೀಸ್ ಆಪರೇಟರ್ ಮೇಲು: ಹೆಲ್ಮ್ (ಕ್ಲಸ್ಟರಿಗೆ ತಂತ್ರಾಂಶ ಹಾಕುವ ಸಾಧನ) ಮೂಲಕ ಹಾಕಿ, ಟೇಲ್‌ಸ್ಕೇಲ್ ಖಾತೆಯ ಓಆತ್ ಕ್ಲೈಂಟ್ ಕೀ ಕೊಟ್ಟು, ಬೇಕಾದ ಸರ್ವಿಸ್‌ಗೆ ಮಾತ್ರ ಟೇಲ್‌ಸ್ಕೇಲ್ ಕ್ಲಾಸಿನ ಇಂಗ್ರೆಸ್ ಬರೆಯಿರಿ. ಆ ಸರ್ವಿಸ್‌ಗೊಂದು ಪ್ರಾಕ್ಸಿ ಪಾಡ್, ಒಂದು ಹೆಸರು, ಒಂದು ನಿಜವಾದ ಸರ್ಟಿಫಿಕೇಟ್ ಸಿಗುತ್ತದೆ. ಅಡ್ಮಿನ್ ಪುಟದಲ್ಲಿ ಮ್ಯಾಜಿಕ್‌ಡಿಎನ್‌ಎಸ್ ಮತ್ತು ಎಚ್‌ಟಿಟಿಪಿಎಸ್ ಎರಡನ್ನೂ ಮೊದಲೇ ಆನ್ ಮಾಡಿರಬೇಕು. ಮೊದಲ ಸಲ ತೆರೆದಾಗ ಸರ್ಟಿಫಿಕೇಟ್ ತರಿಸಿಕೊಳ್ಳುವವರೆಗೆ ಪುಟ ತಡವರಿಸುತ್ತದೆ, ಕೆಟ್ಟಿದೆ ಎಂದುಕೊಂಡು ಅಳಿಸಿ ಮತ್ತೆ ಹಾಕಬೇಡಿ.

ಕೈಕೊಡುವುದು ಎರಡು ಕಡೆ. ನಿಮ್ಮ ಖಾತೆಯಲ್ಲೇ ಲಾಗಿನ್ ಆಗಿ ನೋಡ್ ಸೇರಿಸಿದ್ದರೆ ಅದರ ಕೀ 180 ದಿನಕ್ಕೆ ಮುಗಿಯುತ್ತದೆ. ಆರು ತಿಂಗಳು ಚೆನ್ನಾಗಿ ಓಡಿದ್ದು ಒಂದು ಬೆಳಿಗ್ಗೆ ಸದ್ದಿಲ್ಲದೆ ನಿಲ್ಲುತ್ತದೆ. ಟ್ಯಾಗ್ ಹಚ್ಚಿದ ಸಾಧನಕ್ಕೆ ಈ ಗಡುವಿಲ್ಲ, ಸರ್ವರುಗಳಿಗೆ ಟ್ಯಾಗೇ ಸರಿ. ಎರಡನೆಯದು, ಹೊಸ ಖಾತೆಯ ಆಕ್ಸೆಸ್ ನಿಯಮ ಎಲ್ಲರೂ ಎಲ್ಲವನ್ನೂ ತಲುಪಬಹುದು ಎಂದೇ ಇರುತ್ತದೆ. ತಂಗಿಯ ಫೋನಿಗೆ 443 ಮಾತ್ರ ಸಾಕು, ನೋಡ್‌ನ ಎಸ್‌ಎಸ್‌ಎಚ್ ಬೇಡ. ಮೊದಲ ದಿನವೇ ನಿಯಮ ಬಿಗಿಮಾಡಿ.

ಟೇಲ್‌ಸ್ಕೇಲ್ ಕಂಪನಿಯ ಕಂಟ್ರೋಲ್ ಸರ್ವರೂ ಬೇಡ ಅನ್ನುವವರಿಗೆ ತಾವೇ ಓಡಿಸಬಹುದಾದ ಕಂಟ್ರೋಲ್ ಸರ್ವರ್ ಹೆಡ್‌ಸ್ಕೇಲ್ ಇದೆ. ಅದನ್ನು ಸಾರ್ವಜನಿಕ ವಿಳಾಸವಿರುವ ಇನ್ನೊಂದು ಯಂತ್ರದಲ್ಲಿ ಓಡಿಸಬೇಕು. ಆ ಯಂತ್ರ ಹೇಗೂ ಬೇಕೆಂದಾದರೆ ಮುಂದೆ ಬರುವ ವಿಪಿಎಸ್ (ಬಾಡಿಗೆಯ ಸರ್ವರ್) ದಾರಿಯನ್ನೂ ನೋಡಿ.

ಕ್ಲೌಡ್‌ಫ್ಲೇರ್ ಟನಲ್: ಸಾರ್ವಜನಿಕ ತಾಣಕ್ಕೆ ಸುಲಭದ ದಾರಿ

ಇದರಲ್ಲಿ ಮನೆಯ ಕಡೆ ಒಂದು ಪೋರ್ಟೂ ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್‌ಡಿ ಎಂಬ ಪಾಡ್ ತಾನೇ ಹೊರಕ್ಕೆ, 7844ನೇ ಪೋರ್ಟಿಗೆ ನಾಲ್ಕು ಸಂಪರ್ಕ ಹೂಡುತ್ತದೆ. ಅವು ಕನಿಷ್ಠ ಎರಡು ಬೇರೆ ಡೇಟಾ ಸೆಂಟರುಗಳಿಗೆ ಹೋಗುತ್ತವೆ. ಬಂದವರ ಕೋರಿಕೆ ಈ ಸಂಪರ್ಕಗಳ ಮೇಲೇ ವಾಪಸ್ ಇಳಿಯುತ್ತದೆ. 2021ರಿಂದ ಉಚಿತ. ಬೇಕಾದ್ದು ಕ್ಲೌಡ್‌ಫ್ಲೇರ್ ಡಿಎನ್‌ಎಸ್‌ನಲ್ಲಿರುವ ಸ್ವಂತ ಡೊಮೇನ್, ಅಷ್ಟೇ.

ಕ್ಲಸ್ಟರ್‌ನಲ್ಲಿ ಓಡಿಸುವ ಕ್ರಮ ಹೀಗೆ. ಡ್ಯಾಶ್‌ಬೋರ್ಡಿನಲ್ಲಿ ಟನಲ್ ಸೃಷ್ಟಿಸಿ ಟೋಕನ್ ಪಡೆಯಿರಿ, ಅದನ್ನು ಸೀಕ್ರೆಟ್ ಆಗಿ ಪ್ರತ್ಯೇಕ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್‌ನ ಬೇರೆ ವಿಭಾಗದಲ್ಲಿ) ಇಡಿ. ಡಿಪ್ಲಾಯ್‌ಮೆಂಟಿಗೆ 2 ರೆಪ್ಲಿಕಾ (ಒಂದೇ ಪಾಡ್‌ನ ಎರಡು ಪ್ರತಿ) ಕೊಟ್ಟು, ನೋಡ್ ಒಂದಕ್ಕಿಂತ ಹೆಚ್ಚಿದ್ದರೆ ಎರಡೂ ಬೇರೆ ಬೇರೆ ನೋಡ್‌ನಲ್ಲಿ ಕೂರುವಂತೆ ನಿಯಮ ಬರೆಯಿರಿ. ಆಟೊಸ್ಕೇಲಿಂಗ್ ಬೇಡ: ರೆಪ್ಲಿಕಾ ಇಳಿಸಿದಾಗಲೆಲ್ಲ ಅದರ ಮೇಲಿದ್ದ ಸಂಪರ್ಕಗಳು ಕಡಿದುಹೋಗುತ್ತವೆ. ಲಾಗ್‌ನಲ್ಲಿ ಯುಡಿಪಿ ಬಫರ್ ಸಾಲದು ಎಂಬ ದೂರು ಬಂದರೆ ನೋಡ್‌ನಲ್ಲಿ ರಿಸೀವ್ ಬಫರ್ ಮಿತಿಯನ್ನು 7500000 ಬೈಟಿಗೆ ಏರಿಸಿ. ಸಂಪರ್ಕವೇ ಕೂರದಿದ್ದರೆ ನಿಮ್ಮ ಜಾಲ ಹೊರಹೋಗುವ ಯುಡಿಪಿ ತಡೆಯುತ್ತಿರಬಹುದು. ಪ್ರೊಟೊಕಾಲನ್ನು ಕ್ವಿಕ್‌ನಿಂದ ಎಚ್‌ಟಿಟಿಪಿ2ಗೆ ಬದಲಿಸಿ ನೋಡಿ.

ಇನ್ನು ಅಪಾಯದ ಮಾತು. ಹೊಸ ಸರ್ವಿಸ್ ಬಂದಾಗಲೆಲ್ಲ ಡ್ಯಾಶ್‌ಬೋರ್ಡಿಗೆ ಹೋಗುವ ಬೇಸರಕ್ಕೆ ಜನ ಒಂದು ವೈಲ್ಡ್‌ಕಾರ್ಡ್ (ಎಲ್ಲ ಉಪಹೆಸರುಗಳಿಗೂ ಹೊಂದುವ) ಹೆಸರು ಕೊಟ್ಟು, ಅದನ್ನು ನೇರ ಟ್ರೇಫಿಕ್‌ಗೆ ಜೋಡಿಸುತ್ತಾರೆ. ಆ ಕ್ಷಣದಿಂದ ಆ ಡೊಮೇನಿನ ಹೆಸರು ಹೊತ್ತ ಪ್ರತಿಯೊಂದು ಇಂಗ್ರೆಸ್ಸೂ ಸಾರ್ವಜನಿಕ. ನಾಳೆ ಪ್ರಯೋಗಕ್ಕೆಂದು ಹಾಕಿದ, ಸ್ಟೋರೇಜ್ ನೋಡಿಕೊಳ್ಳುವ ಲಾಂಗ್‌ಹಾರ್ನ್‌ನ ಪಾಸ್‌ವರ್ಡಿಲ್ಲದ ಪುಟವೂ ಅದರಲ್ಲಿ ಸೇರಿಹೋಗುತ್ತದೆ. ಟನಲ್ ನಿಯಮದಲ್ಲಿ ಹೆಸರುಗಳನ್ನು ಒಂದೊಂದಾಗಿ ಬರೆದು, ಆಯಾ ಸರ್ವಿಸ್‌ನ ಒಳಗಿನ ಡಿಎನ್‌ಎಸ್ ಹೆಸರಿಗೇ ನೇರವಾಗಿ ಜೋಡಿಸಿ. ಕಟ್ಟಕಡೆಯ ನಿಯಮ 404 ಹೇಳುವಂತಿರಲಿ. ಈ ಬೇಸರದ ಕೆಲಸವೇ ಇಲ್ಲಿ ನಿಮ್ಮ ಫೈರ್‌ವಾಲ್.

ಗ್ರಫಾನಾದಂಥದ್ದನ್ನು ಇದರ ಮೂಲಕವೇ ಕೊಡಬೇಕೆಂದಿದ್ದರೆ ಲಾಗಿನ್ ಕೇಳುವ ಕ್ಲೌಡ್‌ಫ್ಲೇರ್ ಆಕ್ಸೆಸ್ ಅದರ ಮುಂದಿಡಿ. 50 ಮಂದಿಯವರೆಗೆ ಉಚಿತ, ಇಮೇಲಿಗೆ ಬರುವ ಒಂದು ಬಾರಿಯ ಕೋಡ್ ಸಾಕು. ಮೊದಲು ಆಕ್ಸೆಸ್ ನಿಯಮ, ಆಮೇಲೆ ಹೆಸರು ಪ್ರಕಟಿಸುವುದು. ಉಲ್ಟಾ ಮಾಡಿದರೆ ನಡುವಿನ ನಿಮಿಷಗಳಲ್ಲಿ ಪುಟ ಬಯಲಲ್ಲಿರುತ್ತದೆ. ಫೋನಿನ ಆಪ್‌ಗಳು ಮಾತ್ರ ಇದರೊಂದಿಗೆ ಹೊಂದುವುದು ಕಷ್ಟ: ಡೇಟಾ ಬರಬೇಕಾದ ಜಾಗದಲ್ಲಿ ಲಾಗಿನ್ ಪುಟದ ಎಚ್‌ಟಿಎಂಎಲ್ ಬಂದು ಆಪ್ ಗೊಂದಲಕ್ಕೆ ಬೀಳುತ್ತದೆ.

ಇದರ ಬೆಲೆ ಏನು? ಟಿಎಲ್‌ಎಸ್ ಕ್ಲೌಡ್‌ಫ್ಲೇರ್ ಸರ್ವರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬ್ಲಾಗಿಗೆ ಇದು ಲೆಕ್ಕಕ್ಕಿಲ್ಲ; ಪಾಸ್‌ವರ್ಡ್ ಮ್ಯಾನೇಜರಿಗೆ, ಮನೆಯ ಫೋಟೊಗಳಿಗೆ ನಾವು ಇದನ್ನು ಆರಿಸುವುದಿಲ್ಲ. ಉಚಿತ ಪ್ಲಾನಿನಲ್ಲಿ ಒಂದು ಅಪ್‌ಲೋಡಿನ ಮಿತಿ 100 ಎಂಬಿ. ಕಡತವನ್ನು ತುಂಡು ತುಂಡಾಗಿ ಕಳಿಸುವ ನೆಕ್ಸ್ಟ್‌ಕ್ಲೌಡ್ ಇದರಿಂದ ಪಾರಾದೀತು, ಇಡೀ ವೀಡಿಯೊವನ್ನು ಒಂದೇ ಕೋರಿಕೆಯಲ್ಲಿ ಕಳಿಸುವ ಆಪ್‌ಗೆ 413 ದೋಷ ಬರುತ್ತದೆ. ಸಿನಿಮಾ ಸ್ಟ್ರೀಮಿಂಗ್‌ಗೆ ಅವರ ಸೇವಾ ನಿಯಮಗಳೇ ಅಡ್ಡ. ಜೊತೆಗೆ ಅವರು ಬಿದ್ದರೆ ನೀವೂ ಬಿದ್ದಂತೆ. 2025ರ ನವೆಂಬರ್ 18ರಂದು ಜಗತ್ತಿನ ಎಷ್ಟೋ ತಾಣಗಳೊಂದಿಗೆ ಮನೆಮನೆಯ ಬ್ಲಾಗುಗಳೂ ನಿಂತಿದ್ದವು.

ವಿಪಿಎಸ್ ಮತ್ತು ವೈರ್‌ಗಾರ್ಡ್: ಶ್ರಮ ಹೆಚ್ಚು, ಕೀಲಿಕೈ ನಿಮ್ಮದೇ

ಸಾರ್ವಜನಿಕವಾಗಿಯೂ ಇರಬೇಕು, ನಡುವೆ ಯಾರೂ ಓದಲೂಬಾರದು ಎನ್ನುವವರಿಗೆ ಇದು. 1 ಸಿಪಿಯು, 1 ಜಿಬಿ ರ‍್ಯಾಮ್‌ನ ಅತಿ ಚಿಕ್ಕ ವಿಪಿಎಸ್ ಸಾಕು, ಏಕೆಂದರೆ ಅದು ಬೈಟುಗಳನ್ನು ದಾಟಿಸುವುದಷ್ಟೇ ಮಾಡುತ್ತದೆ. ಡೇಟಾ ಸೆಂಟರ್ ಬೆಂಗಳೂರು, ಮುಂಬೈ, ಚೆನ್ನೈನಂಥ ಹತ್ತಿರದ ಊರಿನಲ್ಲಿರಲಿ. ಅಗ್ಗವೆಂದು ಫ್ರಾಂಕ್‌ಫರ್ಟ್‌ನಲ್ಲಿ ತೆಗೆದುಕೊಂಡರೆ ಬೆಂಗಳೂರಿನ ಓದುಗನ ಪ್ರತಿ ಕ್ಲಿಕ್ಕೂ ಯುರೋಪಿಗೆ ಹೋಗಿ ಮನೆಗೆ ಬಂದು, ಮತ್ತೆ ಯುರೋಪಿಗೆ ಹೋಗಿ ಓದುಗನಿಗೆ ತಲುಪುತ್ತದೆ.

ವಿಪಿಎಸ್‌ನಲ್ಲಿ ತೆರೆದಿರಬೇಕಾದ್ದು 80, 443, ಯುಡಿಪಿ 51820, ಮತ್ತು ಕೀ ಮೂಲಕ ಮಾತ್ರ ಒಪ್ಪುವ ಎಸ್‌ಎಸ್‌ಎಚ್. ವೈರ್‌ಗಾರ್ಡ್ 2020ರ 5.6ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಕೀ ಹೊಂದದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಪೋರ್ಟ್ ಜಾಲಾಡುವವರಿಗೆ 51820 ಕಾಣಿಸದು. ಸಂಪರ್ಕ ಶುರುಮಾಡುವುದು ಮನೆಯ ನೋಡ್. ನ್ಯಾಟ್ ದಾರಿ ಮುಚ್ಚಿಕೊಳ್ಳದಂತೆ ಅಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಇದನ್ನು ಮರೆತರೆ ನೀವು ಕೂತು ಪರೀಕ್ಷಿಸುವಾಗ ಎಲ್ಲ ಸರಿ, ರಾತ್ರಿ ಯಾರೂ ಬಳಸದೆ ಬಿಟ್ಟರೆ ಬೆಳಿಗ್ಗೆ ಹೊರಗಿನಿಂದ ತೆರೆಯುವುದಿಲ್ಲ. ಅಲೌಡ್ ಐಪಿ (ಟನಲ್‌ನಲ್ಲಿ ಓಡಾಡಬಹುದಾದ ವಿಳಾಸಗಳ ಪಟ್ಟಿ) ಎರಡೂ ಕಡೆ ಎದುರಿನ ಟನಲ್ ವಿಳಾಸ ಒಂದೇ (/32) ಇರಲಿ. ಮನೆಯ ಇಡೀ 192.168 ಜಾಲವನ್ನು ಬರೆದರೆ ವಿಪಿಎಸ್ ಕಳೆದುಕೊಂಡ ದಿನ ಮನೆಯ ಪ್ರಿಂಟರ್, ಎನ್‌ಎಎಸ್ ಎಲ್ಲವೂ ಬಂದವನ ಕೈಗೆ.

ಪ್ಯಾಕೆಟ್ ದಾಟಿಸಲು ಲಿನಕ್ಸ್‌ನ ಐಪಿಟೇಬಲ್ಸ್ ನಿಯಮಗಳಿಗಿಂತ ಎಚ್‌ಎಪ್ರಾಕ್ಸಿ ಎಂಬ ಪ್ರಾಕ್ಸಿಯನ್ನು ಟಿಸಿಪಿ ಮೋಡಿನಲ್ಲಿ ಓಡಿಸುವುದು ವಾಸಿ. 443ಕ್ಕೆ ಬಂದ ಟಿಎಲ್‌ಎಸ್ಸನ್ನು ಬಿಚ್ಚದೆ, ಎಸ್‌ಎನ್‌ಐ (ಬ್ರೌಸರ್ ಮೊದಲೇ ತಿಳಿಸುವ ತಾಣದ) ಹೆಸರು ಮಾತ್ರ ನೋಡಿ, ಅನುಮತಿಸಿದ ಹೆಸರಾದರೆ ಟನಲ್ ಮೂಲಕ ಟ್ರೇಫಿಕ್‌ಗೆ ದಾಟಿಸುತ್ತದೆ, ಇಲ್ಲವಾದರೆ ಬಿಟ್ಟುಬಿಡುತ್ತದೆ. ನೋಡುಗನ ನಿಜವಾದ ಐಪಿ ಕಳಿಸಲು ಪ್ರಾಕ್ಸಿ ಪ್ರೊಟೊಕಾಲ್ ಆವೃತ್ತಿ 2 ಆನ್ ಮಾಡಿ. ಎಚ್‌ಎಪ್ರಾಕ್ಸಿಯಲ್ಲಿ ಆನ್ ಮಾಡಿ ಟ್ರೇಫಿಕ್‌ನಲ್ಲಿ ಮರೆತರೆ ಟಿಎಲ್‌ಎಸ್ ಹ್ಯಾಂಡ್‌ಶೇಕ್ ಮುರಿದುಬೀಳುತ್ತದೆ, ಏಕೆಂದರೆ ಆ ಹೆಚ್ಚುವರಿ ಹೆಡರ್ ಟಿಎಲ್‌ಎಸ್ಸಿನದಲ್ಲ.

ಕೆ3ಎಸ್‌ನಲ್ಲಿ ಇದಕ್ಕೆ ಇನ್ನೊಂದು ಗಂಟಿದೆ. ಟ್ರೇಫಿಕ್ ನೋಡುವ ಮೂಲ ವಿಳಾಸ ವಿಪಿಎಸ್‌ನ ಟನಲ್ ವಿಳಾಸ ಆಗಿರದೆ 10.42ರ ಪಾಡ್ ಜಾಲದ ವಿಳಾಸ ಆಗಿರುತ್ತದೆ. ದಾರಿಯಲ್ಲಿ ಕ್ಲಸ್ಟರೇ ಅದನ್ನು ಬದಲಿಸಿರುತ್ತದೆ. ಆಗ ಟ್ರೇಫಿಕ್‌ನಲ್ಲಿ ಬರೆದಿಟ್ಟ, ನಂಬಬೇಕಾದ ಐಪಿಗಳ ಪಟ್ಟಿ ಹೊಂದುವುದಿಲ್ಲ, ಲಾಗ್‌ನಲ್ಲಿ ಎಲ್ಲ ನೋಡುಗರೂ ಒಂದೇ ವಿಳಾಸದವರಾಗಿ ಕಾಣುತ್ತಾರೆ. ಕಿಡಿಗೇಡಿ ಐಪಿಗಳನ್ನು ತಡೆಯುವ ಫೇಲ್2ಬ್ಯಾನ್ ಅಥವಾ ಕ್ರೌಡ್‌ಸೆಕ್ ಹಾಕಿದ್ದರೆ ಒಬ್ಬ ತಪ್ಪು ಪಾಸ್‌ವರ್ಡ್ ಹೊಡೆದಿದ್ದಕ್ಕೆ ಊರಿಗೆ ಊರೇ ನಿಷೇಧ. ಟ್ರೇಫಿಕ್ ಸರ್ವಿಸ್‌ನ ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿಯನ್ನು "ಲೋಕಲ್" ಮಾಡಿ, ಮತ್ತು ವೈರ್‌ಗಾರ್ಡ್ ಇರುವ ನೋಡ್‌ನಲ್ಲೇ ಒಂದು ಟ್ರೇಫಿಕ್ ಪಾಡ್ ಖಂಡಿತ ಇರುವಂತೆ ನೋಡಿಕೊಳ್ಳಿ. ಅಲ್ಲಿ ಪಾಡ್ ಇಲ್ಲದಿದ್ದರೆ ಲೋಕಲ್ ಪಾಲಿಸಿಯಲ್ಲಿ ಪ್ಯಾಕೆಟ್ ಸುಮ್ಮನೆ ಬಿದ್ದುಹೋಗುತ್ತದೆ. ಈ ಬದಲಾವಣೆಗಳನ್ನು ಕ್ಯೂಬ್-ಸಿಸ್ಟಮ್‌ನಲ್ಲಿ ಹೆಲ್ಮ್‌ಚಾರ್ಟ್‌ಕಾನ್ಫಿಗ್ ಎಂಬ ಬೇರೆ ಕಡತವಾಗಿ ಬರೆಯಬೇಕು. ಕೆ3ಎಸ್ ಜೊತೆ ಬಂದ ಟ್ರೇಫಿಕ್ ಕಡತವನ್ನೇ ತಿದ್ದಿದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಎಲ್ಲ ಅಳಿಸಿಹೋಗುತ್ತದೆ.

ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕಡೆಗೂ ಒಂದು ಕಣ್ಣಿರಲಿ. ವೈರ್‌ಗಾರ್ಡ್‌ನ ಸಾಮಾನ್ಯ ಮೌಲ್ಯ 1420. ಮನೆಯ ಲೈನ್ ಪಿಪಿಪಿಓಇ (ರೂಟರಿನಲ್ಲಿ ಐಎಸ್‌ಪಿಯ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಡುವ ಬಗೆ) ಆಗಿದ್ದರೆ ಲೈನಿನ ಎಂಟಿಯು 1492ಕ್ಕೆ ಇಳಿದಿರುತ್ತದೆ, ಟನಲ್‌ಗೆ 1412 ಕೊಡಿ. ಲಕ್ಷಣ ಗುರುತಿಸುವುದು ಸುಲಭ: ಪುಟದ ಅಕ್ಷರಗಳು ಬರುತ್ತವೆ, ದೊಡ್ಡ ಚಿತ್ರಗಳು ಅರ್ಧಕ್ಕೆ ನಿಂತು ತಿರುಗುತ್ತಲೇ ಇರುತ್ತವೆ.

ಸರ್ಟಿಫಿಕೇಟ್ ಮನೆಯ ಕ್ಲಸ್ಟರ್‌ನಲ್ಲೇ ಇರಲಿ, ಅದನ್ನು ತಾನೇ ತರಿಸಿ ನವೀಕರಿಸುವ ಸರ್ಟ್-ಮ್ಯಾನೇಜರ್ ಮೂಲಕ. ವಿಪಿಎಸ್‌ನಲ್ಲಿ ಪ್ರೈವೇಟ್ ಕೀ ಇಲ್ಲದ್ದರಿಂದ ಅಲ್ಲಿಗೆ ನುಗ್ಗಿದವನೂ ಓದಲಾರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ನಿಮ್ಮ ಡೊಮೇನ್ ತೋರಿಸುತ್ತಿರುವುದು ವಿಪಿಎಸ್‌ನ ಐಪಿಯನ್ನೇ. ಅದು ಕೈವಶವಾದವನು ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿ-01 ಪರೀಕ್ಷೆ (ತಾಣದಲ್ಲೇ ಕಡತ ಇಟ್ಟು ಒಡೆತನ ತೋರಿಸುವುದು) ಪಾಸಾಗಿ ನಿಮ್ಮ ಹೆಸರಿಗೇ ಹೊಸ ಸರ್ಟಿಫಿಕೇಟ್ ಪಡೆಯಬಹುದು. ಇದನ್ನು ತಡೆಯಲು ಡಿಎನ್‌ಎಸ್‌ನಲ್ಲಿ ಸಿಎಎ (ಸರ್ಟಿಫಿಕೇಟ್ ಯಾರು ಕೊಡಬಹುದು ಎನ್ನುವ) ದಾಖಲೆ ಹಾಕಿ: ಲೆಟ್ಸ್ ಎನ್‌ಕ್ರಿಪ್ಟ್ ಮಾತ್ರ, ನಿಮ್ಮ ಖಾತೆಯ ಯುಆರ್‌ಐ ಮಾತ್ರ, ಡಿಎನ್‌ಎಸ್-01 (ಡಿಎನ್‌ಎಸ್‌ನಲ್ಲಿ ದಾಖಲೆ ಇಟ್ಟು ಒಡೆತನ ತೋರಿಸುವ) ವಿಧಾನ ಮಾತ್ರ. ಮೂರನ್ನೂ ಲೆಟ್ಸ್ ಎನ್‌ಕ್ರಿಪ್ಟ್ ಪಾಲಿಸುತ್ತದೆ. ಡಿಎನ್‌ಎಸ್-01ಕ್ಕೆ ಕೊಡುವ ಎಪಿಐ ಟೋಕನ್‌ಗೆ ಒಂದೇ ಡೊಮೇನ್ ತಿದ್ದುವ ಅಧಿಕಾರವಿರಲಿ.

ಸೆಟಪ್ ಮಾಡುವಾಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪ್ರಯೋಗದ) ಸರ್ವರನ್ನೇ ಬಳಸಿ. ನಿಜವಾದ ಸರ್ವರಿನಲ್ಲಿ ಒಂದೇ ಹೆಸರುಗಳ ಸರ್ಟಿಫಿಕೇಟ್ ವಾರಕ್ಕೆ 5 ಮಾತ್ರ; ಕ್ಲಸ್ಟರ್ ಅಳಿಸಿ ಮತ್ತೆ ಮತ್ತೆ ಕಟ್ಟುವವರು ಈ ಮಿತಿಗೆ ಬಡಿದು ದಿನಗಟ್ಟಲೆ ಕಾಯುತ್ತಾರೆ. ಅವಧಿ ಮುಗಿಯುವ ಬಗ್ಗೆ ಅವರು ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲೇ ನಿಂತಿದೆ, ನಿಗಾ ನೀವೇ ಇಡಬೇಕು.

ಪೋರ್ಟ್ ಫಾರ್ವರ್ಡಿಂಗ್ ಮತ್ತು ಐಪಿವಿ6

ಸಾರ್ವಜನಿಕ ಐಪಿವಿ4 ಇದ್ದವರಿಗೆ ಇದು ಅತಿ ನೇರ: ರೂಟರಿನಲ್ಲಿ 443ನ್ನು ಟ್ರೇಫಿಕ್‌ನ ಲ್ಯಾನ್ ವಿಳಾಸಕ್ಕೆ ತಿರುಗಿಸಿದರೆ ಮುಗಿಯಿತು. ವೇಗ ಚೆನ್ನಾಗಿರುತ್ತದೆ, ನಡುವೆ ಯಾರೂ ಇಲ್ಲ. ಆದರೂ ಇದನ್ನು ಕೊನೆಗಿಡುತ್ತೇವೆ. ಮನೆಯ ವಿಳಾಸ ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಯಾರಾದರೂ ದಟ್ಟಣೆ ಸುರಿದರೆ ನಿಮ್ಮ ತಾಣದ ಜೊತೆ ಮನೆಯ ಇಂಟರ್ನೆಟ್ಟೂ ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಗಮನಿಸದ ತೂತೊಂದಿದೆ. ಗ್ರಫಾನಾದ ಹೆಸರನ್ನು ಹೊರಗಿನ ಡಿಎನ್‌ಎಸ್‌ನಲ್ಲಿ ಹಾಕಿಲ್ಲ, ಆದ್ದರಿಂದ ಅದು ಹೊರಗೆ ಸಿಗುವುದಿಲ್ಲ ಎಂಬ ನಂಬಿಕೆ. ಟ್ರೇಫಿಕ್ ನೋಡುವುದು ಕೋರಿಕೆಯಲ್ಲಿರುವ ಹೋಸ್ಟ್ ಹೆಸರನ್ನು ಮಾತ್ರ. ನಿಮ್ಮ ಐಪಿಗೆ 443ರಲ್ಲಿ ಬಂದು, ಹೋಸ್ಟ್ ಜಾಗದಲ್ಲಿ ಒಳಗಿನ ಹೆಸರು ಬರೆದವನಿಗೆ ಗ್ರಫಾನಾ ಸಿಗುತ್ತದೆ. ಆ ಹೆಸರನ್ನು ಊಹಿಸಬೇಕಾಗಿಯೂ ಇಲ್ಲ: ಪ್ರತಿ ಸರ್ಟಿಫಿಕೇಟೂ ಸಾರ್ವಜನಿಕ ಪಾರದರ್ಶಕ ಲಾಗ್‌ಗಳಲ್ಲಿ ದಾಖಲಾಗುತ್ತದೆ, ಬಾಟ್‌ಗಳು ಅಲ್ಲಿಂದಲೇ ಹೆಸರು ಹೆಕ್ಕುತ್ತವೆ. ಪರಿಹಾರ ಎರಡು ಟ್ರೇಫಿಕ್: ಹೊರಗಿನದಕ್ಕೊಂದು, ಒಳಗಿನದಕ್ಕೊಂದು, ಬೇರೆ ಬೇರೆ ಇಂಗ್ರೆಸ್ ಕ್ಲಾಸ್. ಫಾರ್ವರ್ಡ್ ಆಗುವುದು ಮೊದಲನೆಯದಕ್ಕೆ ಮಾತ್ರ. ಒಳಗಿನ ಹೆಸರುಗಳಿಗೆ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬಳಸಿದರೆ ಲಾಗ್‌ನಲ್ಲಿ ಒಂದೊಂದೇ ಹೆಸರು ಕಾಣುವುದಿಲ್ಲ.

ಮನೆಯ ವೈಫೈನಲ್ಲಿ ಮಾತ್ರ ನಿಮ್ಮದೇ ಡೊಮೇನ್ ತೆರೆಯದಿದ್ದರೆ ರೂಟರಿಗೆ ಹೇರ್‌ಪಿನ್ ನ್ಯಾಟ್ (ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಬಂದದ್ದನ್ನು ಒಳಕ್ಕೆ ತಿರುಗಿಸುವುದು) ಬರುವುದಿಲ್ಲ ಎಂದರ್ಥ. ಮನೆಯ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ ಲ್ಯಾನ್ ವಿಳಾಸ ಕೊಡಿ. ಸಾಧನಗಳು ತಾವೇ ರೂಟರ್ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ.

ಸಿಜಿನ್ಯಾಟ್ ಲೈನಿನಲ್ಲೂ ಐಪಿವಿ6 ಹಲವು ಕಡೆ ನಿಜವಾಗಿ ಸಾರ್ವಜನಿಕವೇ. ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಒಂದು ವಿಳಾಸಕ್ಕೆ 443 ತೆರೆಯಬಹುದು. ತೊಡಕೆಂದರೆ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬದಲಾಗುತ್ತಿರುತ್ತದೆ, ಐಪಿವಿ4 ಮಾತ್ರ ಇರುವ ನೋಡುಗರಿಗೆ ತಾಣ ಸಿಗುವುದಿಲ್ಲ, ಮತ್ತು ಕೆ3ಎಸ್‌ನಲ್ಲಿ ಡ್ಯುಯಲ್ ಸ್ಟ್ಯಾಕ್ (ಐಪಿವಿ4, ಐಪಿವಿ6 ಎರಡೂ ಬಳಸುವುದು) ಕ್ಲಸ್ಟರ್ ಕಟ್ಟುವ ಮೊದಲ ದಿನವೇ ನಿರ್ಧರಿಸಬೇಕಾದ್ದು.

ಗಳಿಗೆಯ ಕೆಲಸಕ್ಕೆ

ವೆಬ್‌ಹುಕ್ ಒಂದನ್ನು ಪರೀಕ್ಷಿಸಲು, ಗೆಳೆಯನಿಗೆ ಡೆಮೊ ತೋರಿಸಲು, ಜಾಲದೊಳಗಿನ ಸರ್ವಿಸನ್ನು ಹೊರಗೂ ತೋರಿಸುವ ಟೇಲ್‌ಸ್ಕೇಲ್ ಫನಲ್ ಸಾಕು. 443, 8443, 10000 ಈ ಮೂರು ಪೋರ್ಟ್ ಮಾತ್ರ, ಸ್ವಂತ ಡೊಮೇನ್ ಹೆಸರು ನಡೆಯದು, ಆದರೆ ಟಿಎಲ್‌ಎಸ್ ನಿಮ್ಮ ಕಡೆಯೇ ಬಿಚ್ಚಿಕೊಳ್ಳುತ್ತದೆ. ಕ್ಲೌಡ್‌ಫ್ಲೇರ್‌ನ ಖಾತೆಯಿಲ್ಲದ ತ್ವರಿತ ಟನಲ್‌ನಲ್ಲಿ ಏಕಕಾಲಕ್ಕೆ 200 ಕೋರಿಕೆಗಳ ಮಿತಿ, ಸರ್ವರ್-ಸೆಂಟ್ ಇವೆಂಟ್ಸ್ ಓಡುವುದಿಲ್ಲ. ಇಂಥದೇ ಸೇವೆಯಾದ ಎನ್‌ಗ್ರಾಕ್‌ನ ಉಚಿತ ಪ್ಲಾನ್ ಮೊದಲು ಎಚ್ಚರಿಕೆಯ ಪುಟ ತೋರಿಸುತ್ತದೆ. ಇವುಗಳನ್ನು ಕೆಲಸ ಮುಗಿದ ಮೇಲೆ ನಿಲ್ಲಿಸುವುದೇ ದೊಡ್ಡ ಶಿಸ್ತು.

ಹೊರಗಿನ ಬಾಗಿಲು ಯಾವುದೇ ಇರಲಿ, ಒಳಗೆ ಇಷ್ಟು ಬೇಕು

ಮೇಲಿನ ಯಾವ ದಾರಿಯೂ ಆಪ್‌ನಲ್ಲೇ ಇರುವ ದೋಷವನ್ನು ತಡೆಯುವುದಿಲ್ಲ. ನಾಳೆ ಬ್ಲಾಗ್ ತಂತ್ರಾಂಶದ ಪ್ಲಗಿನ್ ಒಂದರಲ್ಲಿ ತೂತು ಸಿಕ್ಕರೆ ದಾಳಿಕೋರ ಟನಲ್ ಮೂಲಕವೇ ಸಭ್ಯವಾಗಿ ಒಳಗೆ ಬರುತ್ತಾನೆ. ಬಂದವನು ಅಲ್ಲೇ ನಿಲ್ಲಬೇಕು.

ಹೊರಗೆ ಕಾಣುವ ಸರ್ವಿಸ್‌ಗಳಿಗೆ ಬೇರೆ ನೇಮ್‌ಸ್ಪೇಸ್ ಕೊಡಿ. ಅಲ್ಲಿ ಒಳಬರುವುದು, ಹೊರಹೋಗುವುದು ಎರಡನ್ನೂ ಮುಚ್ಚುವ ನೆಟ್‌ವರ್ಕ್ ಪಾಲಿಸಿ ಮೊದಲು. ಆಮೇಲೆ ಟ್ರೇಫಿಕ್‌ನಿಂದ ಅಥವಾ ಟನಲ್ ಪಾಡ್‌ನಿಂದ ಆಪ್ ಪೋರ್ಟಿಗೆ, ಆಪ್‌ನಿಂದ ತನ್ನ ಡೇಟಾಬೇಸಿಗೆ ಮತ್ತು ಡಿಎನ್‌ಎಸ್‌ನ 53ಕ್ಕೆ ಮಾತ್ರ ಅನುಮತಿ. ಹೊರಹೋಗುವ ದಾರಿ ಮುಚ್ಚಿ ಡಿಎನ್‌ಎಸ್ ಬಿಡಲು ಮರೆತು ಡೇಟಾಬೇಸ್ ಕೆಟ್ಟಿದೆ ಎಂದು ಹುಡುಕುವವರೇ ಹೆಚ್ಚು. ಆಪ್‌ಗೆ ಇಂಟರ್ನೆಟ್ ಬೇಕಾದರೂ 10.0.0.0/8, 192.168.0.0/16ಗಳನ್ನು ಹೊರತುಪಡಿಸಿ ಕೊಡಿ. ಪಾಡ್ ಜಾಲ ಹೆಣೆಯುವ ಫ್ಲಾನೆಲ್ ಒಂದೇ ಇದ್ದರೆ ಈ ಪಾಲಿಸಿಗಳು ಕಾಗದದ ಮೇಲಷ್ಟೇ ಉಳಿಯುತ್ತವೆ, ಆದರೆ ಕೆ3ಎಸ್ ತನ್ನದೇ ಪಾಲಿಸಿ ಕಂಟ್ರೋಲರ್ ಜೊತೆಗಿಟ್ಟುಕೊಂಡು ಬರುತ್ತದೆ.

ಪಾಡ್‌ಗೆ ಸರ್ವಿಸ್ ಅಕೌಂಟ್ ಟೋಕನ್ ತಾನಾಗಿ ಸೇರುವುದನ್ನು ನಿಲ್ಲಿಸಿ. ಬ್ಲಾಗಿಗೆ ಕ್ಲಸ್ಟರ್ ಎಪಿಐ ಜೊತೆ ಮಾತಾಡುವ ಕೆಲಸವಿಲ್ಲ. ನೇಮ್‌ಸ್ಪೇಸ್‌ಗೆ ಪಾಡ್ ಸೆಕ್ಯುರಿಟಿಯ "ರಿಸ್ಟ್ರಿಕ್ಟೆಡ್" ಲೇಬಲ್ ಹಚ್ಚಿ. ರೂಟ್ ಬಳಕೆದಾರನಾಗಿಯೇ ಓಡುವ ಹಳೆಯ ಇಮೇಜ್‌ಗಳು ಆಗ ಏಳುವುದಿಲ್ಲ, ಅವುಗಳನ್ನು ಹೊರಗಿನವರಿಗೆ ತೆರೆದಿಡಬಾರದು ಎಂದೇ ಅದರ ಅರ್ಥ.

ಪರೀಕ್ಷೆ ಹೊರಗಿನಿಂದ

ಮನೆಯ ವೈಫೈ ಬಿಟ್ಟು ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಟೇಲ್‌ಸ್ಕೇಲ್ ಆಫ್ ಮಾಡಿ. ಮನೆಯ ಸಾರ್ವಜನಿಕ ಐಪಿಯನ್ನೂ ವಿಪಿಎಸ್ ಇದ್ದರೆ ಅದರ ಐಪಿಯನ್ನೂ ಎನ್‌ಮ್ಯಾಪ್‌ನಿಂದ ಜಾಲಾಡಿ: 22, 80, 443, 2379, 6443, 10250, ಮತ್ತು 30000–32767. ಸಿಜಿನ್ಯಾಟ್ ಲೈನಿನಲ್ಲಿ ಐಪಿವಿ4 ಜಾಲಾಡುವುದು ವ್ಯರ್ಥ, ಆ ವಿಳಾಸ ನಿಮ್ಮೊಬ್ಬರದಲ್ಲ. ಐಪಿವಿ6 ವಿಳಾಸವನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಿಯೇ ತೀರಬೇಕು. ಐಪಿವಿ4 ಕಡೆ ಬೀಗ ಹಾಕಿ ಐಪಿವಿ6 ಕಡೆ 6443 ತೆರೆದಿಟ್ಟ ಕ್ಲಸ್ಟರುಗಳು ಅಪರೂಪವಲ್ಲ.

ನಂತರ ಕರ್ಲ್‌ನ ರಿಸಾಲ್ವ್ ಆಯ್ಕೆ ಬಳಸಿ, ನಿಮ್ಮ ಸಾರ್ವಜನಿಕ ಐಪಿಗೇ ಒಳಗಿನ ಹೆಸರೊಂದನ್ನು ಅಂಟಿಸಿ ಕೋರಿಕೆ ಕಳಿಸಿ. ವಿಪಿಎಸ್ ದಾರಿಯಲ್ಲಿ ಸಂಪರ್ಕವೇ ಮುರಿಯಬೇಕು, ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ 404 ಬರಬೇಕು. ಬದಲಿಗೆ ಗ್ರಫಾನಾದ ಲಾಗಿನ್ ಪುಟ ಬಂದರೆ ಆ ಇಂಗ್ರೆಸ್‌ನ ಕ್ಲಾಸ್ ಹೆಸರು ತಪ್ಪಿದೆ, ಇಲ್ಲವೇ ಬರೆದೇ ಇಲ್ಲ; ಕ್ಲಾಸ್ ಬರೆಯದ ಇಂಗ್ರೆಸ್ಸನ್ನು ಡೀಫಾಲ್ಟ್ ಟ್ರೇಫಿಕ್ ಎತ್ತಿಕೊಳ್ಳುತ್ತದೆ. ಆದ್ದರಿಂದ ಡೀಫಾಲ್ಟ್ ಯಾವಾಗಲೂ ಒಳಗಿನ ಟ್ರೇಫಿಕ್ ಆಗಿರಲಿ.